ಐಇಎಂ ಲ್ಯಾಬ್‌ಗೆ ಐದು ಕಿಟ್‌ಗಳು: ಯಾವುದನ್ನು ಕೊಳ್ಳಬೇಕು, ಯಾವುದನ್ನು ಬಡಗಿಯಿಂದ ಮಾಡಿಸಬೇಕು

ಕೆಲಸದ ವಿಧಾನ, ಸಮಯ, ಗುಣಮಟ್ಟ ಅಳೆದು ಸುಧಾರಿಸುವುದನ್ನು ಕಲಿಸುವ ಇಂಡಸ್ಟ್ರಿಯಲ್ ಎಂಜಿನಿಯರಿಂಗ್ (ಐಇಎಂ) ವಿಭಾಗಗಳಿಗೆ ಸಾಮಗ್ರಿ ಮಾರುವವರ ಕ್ಯಾಟಲಾಗ್ ತೆರೆದರೆ ಈ ಐದು ಇದ್ದೇ ಇರುತ್ತವೆ: ಪೆಗ್‌ಬೋರ್ಡ್, ಕೆಂಪು ಮಣಿಗಳ ಪೆಟ್ಟಿಗೆ, ಪ್ರಯೋಗ ವಿನ್ಯಾಸಕ್ಕೆಂದು ಒಂದು ಪುಟ್ಟ ಕವಣೆ, ಜೋಡಣೆ ಸಾಲಿನ ಸೆಟ್, ಬಿಯರ್ ಗೇಮ್ ಬೋರ್ಡ್. ವಿದೇಶದ ದೊಡ್ಡ ವಿಶ್ವವಿದ್ಯಾಲಯಗಳು ಕೈಯಾರೆ ಕಲಿಸುವ ಕೆಲಸಕ್ಕೆ ಇಡೀ ಕಟ್ಟಡಗಳನ್ನೇ ಮೀಸಲಿಟ್ಟಿವೆ. 1909ರಷ್ಟು ಹಿಂದೆಯೇ ಈ ವಿಷಯಕ್ಕೆ ಪ್ರತ್ಯೇಕ ವಿಭಾಗ ತೆರೆದ ಅಮೆರಿಕದ ಪೆನ್ ಸ್ಟೇಟ್‌ನಲ್ಲಿ 1994ರಿಂದ ‘ಲರ್ನಿಂಗ್ ಫ್ಯಾಕ್ಟರಿ’ ಇದೆ. ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ 2007ರಿಂದ ನಿಜವಾದ ಯಂತ್ರಗಳು, ನಿಜವಾದ ಬಿಡಿಭಾಗಗಳ ಮೇಲೆಯೇ ಪಾಠ ನಡೆಯುತ್ತದೆ. ನಮ್ಮ ಕಾಲೇಜುಗಳಲ್ಲಿ ಇರುವುದು ಒಂದು ಕೋಣೆ, ಸುಮಾರು 20 ಜನರ ಬ್ಯಾಚ್, ಎರಡು ಅಥವಾ ಮೂರು ಗಂಟೆ. ಈ ವಿಮರ್ಶೆಗೆ ಅಳತೆಗೋಲು ಆ ಕೋಣೆಯೇ.

ಕಿಟ್‌ಗೆ ಹಾಕುವ ಪ್ರಶ್ನೆ ಒಂದೇ. ಪ್ರತಿ ಗುಂಪಿಗೂ ಅದರದೇ ಆದ, ಚದುರಿದ ಅಂಕಿಗಳು ಸಿಗುತ್ತವೆಯೇ, ಅವು ಯಾಕೆ ಚದುರಿದವು ಎಂದು ಅದೇ ಮೇಜಿನ ಮೇಲೆ ಹುಡುಕಲು ಸಾಧ್ಯವೇ? 20 ಜನರ ರೆಕಾರ್ಡ್ ಪುಸ್ತಕದಲ್ಲೂ ಒಂದೇ ಉತ್ತರ ಬರುವಂಥ ಕಿಟ್ ಎಷ್ಟೇ ಚೆನ್ನಾಗಿ ಕಂಡರೂ ಅದು ವೈವಾಕ್ಕೆ ಮಾತ್ರ ಉಪಯೋಗ.

ಮೊದಲು ಪೆಗ್‌ಬೋರ್ಡ್. 30 ತೂತುಗಳ ಹಲಗೆ, 30 ಪೆಗ್‌ಗಳು. ಪೆಗ್‌ನ ಒಂದು ತುದಿ ದುಂಡಗೆ, ಇನ್ನೊಂದು ಚಪ್ಪಟೆ. ಹಲಗೆಯ ಒಂದು ಮಗ್ಗುಲಲ್ಲಿ ತೂತಿನ ಬಾಯಿಯನ್ನು ಓರೆಯಾಗಿ ಕೆತ್ತಿರಬೇಕು, ಇನ್ನೊಂದು ಮಗ್ಗುಲಲ್ಲಿ ಹಾಗೇ ಬಿಟ್ಟಿರಬೇಕು. ಇಡೀ ಪಾಠ ಈ ಓರೆಯಲ್ಲೇ ಇದೆ. ಹಲಗೆಯನ್ನು ಮಗುಚಿ ಹಾಕಿದರೆ ಸಾಕು, ಕೆಲಸ ಅದೇ, ಕೈ ಅದೇ, ಸಮಯ ಮಾತ್ರ ಏರುತ್ತದೆ. ಎಡಗೈಯಲ್ಲಿ ಪೆಗ್ ಹಿಡಿದುಕೊಂಡು ಬಲಗೈಯಲ್ಲಿ ಒಂದೊಂದಾಗಿ ತುಂಬುವುದು ಒಂದು ವಿಧಾನ. ಎರಡು ಕೈಗಳಿಂದ ಏಕಕಾಲಕ್ಕೆ ನಡುವಿನಿಂದ ಅಂಚಿನ ಕಡೆಗೆ ತುಂಬುತ್ತಾ ಹೋಗುವುದು ಇನ್ನೊಂದು. ಎರಡನೆಯದಕ್ಕೆ ಪಠ್ಯಗಳು ಕೊಡುವ ಪ್ರಮಾಣಿತ ಸಮಯ (ಪಳಗಿದ ಕೆಲಸಗಾರನಿಗೆ ಬೇಕಾಗುವ ಸಮಯ) 0.41 ನಿಮಿಷ. ಮೊದಲ ಸಲ ಕೂತವರು ಇದರ ಹತ್ತಿರಕ್ಕೂ ಬರುವುದಿಲ್ಲ, ಗಾಬರಿಪಡುವಂಥದ್ದೇನೂ ಇಲ್ಲ.

ಇದನ್ನು ಕೊಳ್ಳಬೇಡಿ, ಮಾಡಿಸಿ. 9.5 ಮಿ.ಮೀ. ಪೆಗ್, 10.3 ಮಿ.ಮೀ. ತೂತು ಎಂದು ಬರೆದುಕೊಟ್ಟರೆ ಯಾವ ಬಡಗಿಯಾದರೂ ಮಾಡಿಕೊಡುತ್ತಾನೆ. ಪೆಗ್‌ಗೆ ಮಾತ್ರ ಮರ ಬೇಡ. ಕರಾವಳಿಯ ಕಾಲೇಜುಗಳಲ್ಲಿ ಮಳೆಗಾಲ ಶುರುವಾದರೆ ಮರ ಊದಿಕೊಳ್ಳುತ್ತದೆ, ಪೆಗ್ ತೂತಿನಲ್ಲಿ ಬಿಗಿಯಾಗುತ್ತದೆ. ಆಗಸ್ಟ್‌ನ ಬ್ಯಾಚ್‌ಗೂ ಫೆಬ್ರವರಿಯ ಬ್ಯಾಚ್‌ಗೂ ಬೇರೆ ಬೇರೆ ಪ್ರಮಾಣಿತ ಸಮಯ ಬರುತ್ತದೆ. ನೈಲಾನ್ ಸರಳನ್ನು ಲೇತ್‌ನಲ್ಲಿ ಕತ್ತರಿಸಿ ತುದಿ ದುಂಡಗೆ ಮಾಡಿಸಿದರೆ ಈ ತಾಪತ್ರಯ ಬಹುಮಟ್ಟಿಗೆ ತಪ್ಪುತ್ತದೆ. ಕಾಲೇಜಿನದೇ ವರ್ಕ್‌ಶಾಪ್ ಇದ್ದರೆ ಒಂದು ಮಧ್ಯಾಹ್ನದ ಕೆಲಸ.

ಹಲಗೆಗಿಂತ ಹೆಚ್ಚು ಕೈಕೊಡುವುದು ಗಡಿಯಾರ. ಒಂದು ಸುತ್ತಿಗೆ ಒಂದು ನಿಮಿಷ, ಅದರಲ್ಲಿ 100 ಗೀಟುಗಳಿರುವ ದಶಮಾಂಶ ಸ್ಟಾಪ್‌ವಾಚ್ ಈಗ ಎಲ್ಲ ಕಡೆ ಸಿಗುವುದಿಲ್ಲ, ಎಲ್ಲರೂ ಮೊಬೈಲ್ ತೆಗೆಯುತ್ತಾರೆ. ಮೊಬೈಲ್ 1:15 ಎಂದು ತೋರಿಸುತ್ತದೆ, ಹುಡುಗರು ಅದನ್ನು 1.15 ನಿಮಿಷ ಎಂದು ಬರೆಯುತ್ತಾರೆ. ಅದು 1.25. ಈ ಒಂದು ತಪ್ಪು ರೆಕಾರ್ಡ್‌ನ ಕೊನೆಯ ಪುಟದವರೆಗೂ ಹರಿದುಕೊಂಡು ಹೋಗುತ್ತದೆ, ತಿದ್ದುವವರಿಗೂ ಕಣ್ಣಿಗೆ ಬೀಳುವುದಿಲ್ಲ. ಎಲ್ಲ ಓದನ್ನೂ (ರೀಡಿಂಗ್) ಮೊದಲು ಸೆಕೆಂಡಿನಲ್ಲಿ ಬರೆಸಿ, ಪಕ್ಕದ ಕಾಲಂನಲ್ಲಿ 60ರಿಂದ ಭಾಗಿಸಿ ಬರೆಸುವುದು ಸರಳ ಪರಿಹಾರ. ಇನ್ನೊಂದು ಮಿತಿ: 0.04 ನಿಮಿಷಕ್ಕಿಂತ, ಅಂದರೆ 2.4 ಸೆಕೆಂಡಿಗಿಂತ ಚಿಕ್ಕದಾದ ಕೆಲಸದ ತುಣುಕನ್ನು ಸ್ಟಾಪ್‌ವಾಚ್‌ನಲ್ಲಿ ಅಳೆಯಲು ಹೋಗಬಾರದು. ಒಂದು ಪೆಗ್ ತುಂಬುವ ಸಮಯ ಅದಕ್ಕಿಂತ ಕಡಿಮೆ. ಆದ್ದರಿಂದ ಇಡೀ ಹಲಗೆಯ ಸಮಯವೇ ಒಂದು ಓದು.

ಎಷ್ಟು ಓದು ಬೇಕು ಎಂಬ ಲೆಕ್ಕಕ್ಕೆ ಈ ಹಲಗೆಯಷ್ಟು ಒಳ್ಳೆಯ ಸಾಮಗ್ರಿ ಬೇರೆ ಇಲ್ಲ. ಒಂದು ಗುಂಪಿನ ಐದು ಓದುಗಳು 0.46, 0.50, 0.48, 0.55, 0.47 ಎಂದಿಟ್ಟುಕೊಳ್ಳಿ. ±5 ಶೇಕಡಾ ನಿಖರತೆಗೆ, 95.45 ಶೇಕಡಾ ವಿಶ್ವಾಸಮಟ್ಟಕ್ಕೆ ಬಳಸುವ 40ರ ಸೂತ್ರದಲ್ಲಿ (ಅಂಕಿಗಳ ಚದುರಿಕೆ ನೋಡಿ ಎಷ್ಟು ಓದು ಬೇಕೆಂದು ಹೇಳುವ ಸೂತ್ರ) ಹಾಕಿದರೆ 6.7 ಬರುತ್ತದೆ, ಅಂದರೆ 7 ಓದು. ಇನ್ನೆರಡು ತೆಗೆದುಕೊಂಡರೆ ಮುಗಿಯಿತು. ಈಗ ನಾಲ್ಕನೆಯ ಓದಿನ ಹೊತ್ತಿಗೆ ಒಂದು ಪೆಗ್ ನೆಲಕ್ಕೆ ಬಿತ್ತು, ಬಗ್ಗಿ ಎತ್ತಿಕೊಳ್ಳುವಷ್ಟರಲ್ಲಿ 0.55ರ ಬದಲು 0.72 ಆಯಿತು ಎನ್ನಿ. ಅದೇ ಸೂತ್ರ ಈಗ 56 ಓದು ಕೇಳುತ್ತದೆ. ಬಿದ್ದ ಪೆಗ್ ಕೆಲಸದ ಭಾಗವೇ ಅಥವಾ ಹೊರಗಿನ ಅಂಶವೇ ಎಂದು ಗುಂಪು ಜಗಳವಾಡಲೇಬೇಕಾಗುತ್ತದೆ. ಆ ಜಗಳ ನಡೆಯಲಿ, ಬೇಗ ತೀರ್ಪು ಕೊಡಬೇಡಿ. ಹಲವು ಸಲ ಬೀಳುತ್ತಿದ್ದರೆ ಅದಕ್ಕೊಂದು ಭತ್ಯೆ (ಹೆಚ್ಚುವರಿ ಸಮಯ) ಇಡಬೇಕು, ಒಮ್ಮೆ ಮಾತ್ರ ಬಿದ್ದರೆ ಓದನ್ನು ಗುರುತು ಹಾಕಿ ಪಕ್ಕಕ್ಕಿಡಬೇಕು. ಯಾವುದೇ ಆದರೂ ಹಾಳೆಯಲ್ಲಿ ಕಾರಣ ಬರೆದಿರಬೇಕು.

ರೇಟಿಂಗ್, ಅಂದರೆ ಕೆಲಸಗಾರನ ವೇಗವನ್ನು ಮಾನಕಕ್ಕೆ ಹೋಲಿಸಿ ಅಂಕ ಕೊಡುವುದನ್ನು, ಕಲಿಸಲು ಮಾರುವ ವಿಡಿಯೊ ಸೆಟ್‌ಗಳಿಗೆ ದುಡ್ಡು ಹಾಕುವ ಅಗತ್ಯವೇ ಇಲ್ಲ. 16 ಮೀಟರ್ ಉದ್ದದ ಕಾರಿಡಾರ್ ಸಾಕು. ಗಂಟೆಗೆ 6.4 ಕಿ.ಮೀ. ನಡೆಯುವವರು ಅದನ್ನು 9 ಸೆಕೆಂಡಿನಲ್ಲಿ ದಾಟುತ್ತಾರೆ, 4.8 ಕಿ.ಮೀ. ವೇಗದವರು 12 ಸೆಕೆಂಡಿನಲ್ಲಿ. ಬ್ರಿಟಿಷ್ ಮಾನಕದಲ್ಲಿ ಮೊದಲನೆಯದು 100, ಎರಡನೆಯದು 75. ಅಮೆರಿಕದ ಕ್ರಮ ಅನುಸರಿಸುವ ಪುಸ್ತಕಗಳಲ್ಲಿ 4.8 ಕಿ.ಮೀ. ನಡಿಗೆಯೇ 100. ಇಸ್ಪೀಟು ಹಂಚುವುದರಲ್ಲೂ ಇದೇ ಗೊಂದಲ: 52 ಎಲೆ ಹಂಚಲು ಒಂದು ಪುಸ್ತಕ 0.375 ನಿಮಿಷ ಎನ್ನುತ್ತದೆ, ಇನ್ನೊಂದು 0.5 ಎನ್ನುತ್ತದೆ. ಎರಡೂ ಸರಿ, ಮಾನಕ ಬೇರೆ. ವಿಭಾಗ ಒಂದನ್ನು ಆರಿಸಿ ಗೋಡೆಗೆ ಅಂಟಿಸದಿದ್ದರೆ ಅರ್ಧ ಬ್ಯಾಚ್ ಒಂದು, ಅರ್ಧ ಬ್ಯಾಚ್ ಇನ್ನೊಂದು ಬಳಸುತ್ತದೆ. ಹತ್ತಾರು ನಡಿಗೆಗಳಿಗೆ ರೇಟಿಂಗ್ ಕೊಡಿಸಿ, ಗಡಿಯಾರದ ಲೆಕ್ಕಕ್ಕೆ ಎದುರಾಗಿ ಗ್ರಾಫ್ ಹಾಕಿಸಿ. ಹೊಸಬರ ಗೆರೆ ಚಪ್ಪಟೆಯಾಗಿರುತ್ತದೆ: ನಿಧಾನವಾಗಿ ನಡೆದವರಿಗೆ ಹೆಚ್ಚು, ಬೇಗ ನಡೆದವರಿಗೆ ಕಡಿಮೆ ಕೊಟ್ಟಿರುತ್ತಾರೆ. ಕಾರ್ಖಾನೆಯಲ್ಲಿ ಇದೇ ಚಾಳಿ ಮುಂದುವರಿದರೆ ಚುರುಕಾಗಿ ದುಡಿಯುವ ಕೆಲಸಗಾರನಿಗೆ ಬಿಗಿಯಾದ ಸಮಯ ಸಿಗುತ್ತದೆ, ಯೂನಿಯನ್ ಸುಮ್ಮನಿರುವುದಿಲ್ಲ.

ಕೆಂಪು ಮಣಿಗಳ ಪ್ರಯೋಗ ಗುಣಮಟ್ಟ ತಜ್ಞ ಡೆಮಿಂಗ್ ಅವರ ಸೆಮಿನಾರುಗಳಿಂದ ಪ್ರಸಿದ್ಧವಾದದ್ದು. ಕೆಂಪು ಮಣಿ ಎಂದರೆ ದೋಷವಿರುವ ಮಾಲು, ಅದು ಎಷ್ಟು ಬರುತ್ತದೆ ಎಂಬುದು ಕೆಲಸಗಾರನ ಕೈಯಲ್ಲಿಲ್ಲ ಎಂಬುದೇ ಪಾಠ. 3200 ಬಿಳಿ, 800 ಕೆಂಪು, ಒಟ್ಟು 4000 ಮಣಿ. 50 ಕುಳಿಗಳ ಒಂದು ಹುಟ್ಟು (ಪ್ಯಾಡಲ್). ಆರು ಜನ ಕೆಲಸಗಾರರು ನಾಲ್ಕು ‘ದಿನ’ ಹುಟ್ಟನ್ನು ಪೆಟ್ಟಿಗೆಯಲ್ಲಿ ಮುಳುಗಿಸಿ ಎತ್ತುತ್ತಾರೆ. ಇಬ್ಬರು ತನಿಖಾಧಿಕಾರಿಗಳು ಒಬ್ಬರ ಲೆಕ್ಕ ಇನ್ನೊಬ್ಬರು ನೋಡದಂತೆ ಕೆಂಪು ಎಣಿಸುತ್ತಾರೆ, ಮುಖ್ಯ ತನಿಖಾಧಿಕಾರಿ ಎರಡನ್ನೂ ತಾಳೆ ನೋಡುತ್ತಾರೆ, ಒಬ್ಬರು ಬರೆದುಕೊಳ್ಳುತ್ತಾರೆ. ಹತ್ತು ಪಾತ್ರಗಳಾದವು, 20ರ ಬ್ಯಾಚ್‌ಗೆ ಎರಡು ಪೆಟ್ಟಿಗೆ. ಫೋರ್‌ಮನ್ ಪಾತ್ರ ಮೇಷ್ಟರದು: ಕಡಿಮೆ ಕೆಂಪು ತೆಗೆದವರಿಗೆ ಶಭಾಶ್, ಹೆಚ್ಚು ತೆಗೆದವರಿಗೆ ಬೈಗುಳ, ಮೂರನೆಯ ದಿನದ ಕೊನೆಗೆ ಹಿಂದೆ ಬಿದ್ದ ಮೂವರಿಗೆ ಮನೆಗೆ ದಾರಿ. ಗಂಭೀರವಾಗಿ ಬೈಯದಿದ್ದರೆ ಆಟ ಕಳೆಗಟ್ಟುವುದಿಲ್ಲ.

ಶೇಕಡಾ 20 ಕೆಂಪು ಎಂದರೆ 50ಕ್ಕೆ ಸರಾಸರಿ 10, ಮೂರು ಸಿಗ್ಮಾ ಮಿತಿಗಳು (ಆಕಸ್ಮಿಕ ಏರಿಳಿತ ಸಾಮಾನ್ಯವಾಗಿ ದಾಟದ ಗೆರೆಗಳು) ಕೆಳಗೆ 1.5, ಮೇಲೆ 18.5. ಆದರೆ ಈ 10 ಪುಸ್ತಕದ್ದು. ಹುಟ್ಟಿನಿಂದ ಬರುವ ಸರಾಸರಿ 10 ಆಗಲೇಬೇಕೆಂದಿಲ್ಲ ಎಂದು ಡೆಮಿಂಗ್ ಅವರೇ ತೋರಿಸುತ್ತಿದ್ದರು. ಕುಳಿ, ಮಣಿಯ ಗಾತ್ರ, ಬಣ್ಣದ ಪದರ ಎಲ್ಲವೂ ಆಯ್ಕೆಯಲ್ಲಿ ಕೈ ಆಡಿಸುತ್ತವೆ. ಆದ್ದರಿಂದ ಕಂಟ್ರೋಲ್ ಚಾರ್ಟ್‌ನ ನಡುಗೆರೆಯನ್ನು ಬಂದ ಅಂಕಿಗಳಿಂದಲೇ ಎಳೆಸಬೇಕು. ನಾಲ್ಕು ದಿನವೂ ಆರು ಜನ ಆಡಿದರೆ 24 ಓದು. ಅವುಗಳ ಸರಾಸರಿ 8.8ರಿಂದ 11.2ರ ಒಳಗಿದ್ದರೆ ಹುಟ್ಟು ಪುಸ್ತಕಕ್ಕೆ ಹತ್ತಿರವಿದೆ ಎನ್ನಬಹುದು. ಬ್ಯಾಚ್ ಮೇಲೆ ಬ್ಯಾಚ್ ಅದರ ಹೊರಗೇ ಬಿದ್ದರೆ ಮಣಿಗಳನ್ನು ಕ್ಯಾಲಿಪರ್‌ನಿಂದ ಅಳೆಯಿರಿ.

ಅಗ್ಗದ ಕಿಟ್‌ಗಳ ದೋಷ ಸಾಮಾನ್ಯವಾಗಿ ಅಲ್ಲೇ ಸಿಗುತ್ತದೆ: ಬಿಳಿ ಮಣಿಗೇ ಕೆಂಪು ಬಣ್ಣ ಬಳಿದಿರುತ್ತಾರೆ, ಬಣ್ಣದ ಪದರದಷ್ಟು ಕೆಂಪು ದಪ್ಪ. ಮಾಡಿಸುವುದಾದರೆ ಪ್ಲಾಸ್ಟಿಕ್‌ನಲ್ಲೇ ಬಣ್ಣ ಬೆರೆತಿರುವ 8 ಮಿ.ಮೀ. ಮಣಿ ತೆಗೆದುಕೊಳ್ಳಿ. ಕುಳಿ 9 ಮಿ.ಮೀ. ಅಗಲ, 5 ಮಿ.ಮೀ. ಆಳ, ಐದು ಸಾಲು ಹತ್ತು ಕಂಬ. ಆಳ ಕಡಿಮೆಯಾದರೆ ಹುಟ್ಟನ್ನು ಓರೆ ಮಾಡುವಾಗ ಮಣಿ ಜಾರುತ್ತದೆ, ಹೆಚ್ಚಾದರೆ ಮೇಲಿನ ಮಣಿಗಳು ಉರುಳಿ ಹೋಗದೆ ಅಲ್ಲೇ ಕೂರುತ್ತವೆ. 8 ಮಿ.ಮೀ. ಮಣಿ 4000 ಎಂದರೆ ಸುಮಾರು ಎರಡು ಲೀಟರ್ ಆಗುತ್ತದೆ, ಪೆಟ್ಟಿಗೆಯನ್ನು ಆ ಲೆಕ್ಕಕ್ಕೆ ಮಾಡಿಸಿ. ಚನ್ನಪಟ್ಟಣದ ಅರಗಿನ ಮಣಿಗಳು ನೋಡಲು ಬಲು ಚೆಂದ, ಕೈಗೂ ಹಿತ. ಆದರೆ ಕೈಯಲ್ಲಿ ಕಡೆದದ್ದು, ವ್ಯಾಸ ಒಂದೇ ಸಮ ಇರುವುದಿಲ್ಲ. ಬೇಕೇ ಬೇಕೆಂದರೆ ಎರಡೂ ಬಣ್ಣವನ್ನು ಒಂದೇ ಜರಡಿಯಲ್ಲಿ ಹಾಯಿಸಿ ತೆಗೆದುಕೊಳ್ಳಬೇಕು. ಒಟ್ಟಿನಲ್ಲಿ ಐದರಲ್ಲಿ ಮೊದಲು ಯಾವುದು ಎಂದು ಕೇಳಿದರೆ ಇದೇ.

ಜೋಡಣೆ ಸಾಲಿಗೆ ಲೆಗೊ ಇಟ್ಟಿಗೆಗಳು ಜಗತ್ತಿನ ತುಂಬ ಬಳಕೆಯಲ್ಲಿವೆ. ಒಪ್ಪವಾಗಿ ಕೂರುತ್ತವೆ, ಬಿಚ್ಚಿ ಮತ್ತೆ ಕಟ್ಟಬಹುದು, ಸವೆಯುವುದು ಕಡಿಮೆ. ಆದರೆ ಇಟ್ಟಿಗೆ ಒತ್ತುವ ಕೆಲಸ ಚಿಕ್ಕದು. ಒಂದು ನಿಲ್ದಾಣದ ಕೆಲಸ ನಾಲ್ಕೈದು ಸೆಕೆಂಡಿಗೆ ಇಳಿದರೆ ಅಳೆಯುವವರ ಬೆರಳಿನ ತಡವೇ ದೊಡ್ಡದಾಗುತ್ತದೆ. ನಮ್ಮ ಎಲೆಕ್ಟ್ರಿಕಲ್ ಅಂಗಡಿಯ ಮೂರು ಪಿನ್ ಪ್ಲಗ್ ಇದಕ್ಕಿಂತ ಒಳ್ಳೆಯ ಪಾಠ ಹೇಳುತ್ತದೆ. ತಳ, ಮುಚ್ಚಳ, ಮೂರು ಹಿತ್ತಾಳೆ ಪಿನ್, ವೈರ್ ಹಿಡಿಯುವ ಕ್ಲಾಂಪ್, ಸ್ಕ್ರೂಗಳು, ಜೊತೆಗೆ ಸ್ಕ್ರೂಡ್ರೈವರ್. ಎರಡು ಕೈಗೂ ನಿಜವಾದ ಕೆಲಸ. ಅರ್ತ್ ಪಿನ್ ದಪ್ಪ ಮತ್ತು ಉದ್ದ, ಉಳಿದೆರಡರ ಜಾಗದಲ್ಲಿ ಕೂರುವುದಿಲ್ಲ. ಪೋಕಾ ಯೋಕೆ (ತಪ್ಪು ಮಾಡಲು ಆಗದಂತೆ ರೂಪಿಸುವುದು) ಎಂದರೇನು ಎಂದು ಪ್ರತ್ಯೇಕ ಸ್ಲೈಡ್ ಬೇಕಾಗಿಲ್ಲ. ಕ್ಲಾಂಪ್ ಮಾತ್ರ ತಲೆಕೆಳಗಾಗಿ ಕೂರಬಲ್ಲ ಮಾದರಿಯದಾದರೆ ದೋಷಗಳೂ ಸಹಜವಾಗಿ ಹುಟ್ಟುತ್ತವೆ. ಒಂದು ಎಚ್ಚರಿಕೆ: ಪ್ಲಾಸ್ಟಿಕ್‌ಗೆ ನೇರವಾಗಿ ಕೊರೆದು ಹೋಗುವ ಸ್ಕ್ರೂ ಇರುವ ಪ್ಲಗ್ ಬೇಡ, ಕೆಲವೇ ಸಲಕ್ಕೆ ಥ್ರೆಡ್ ಹೋಗುತ್ತದೆ. ಹಿತ್ತಾಳೆ ಥ್ರೆಡ್ ಇರುವುದನ್ನು ನೋಡಿ ಕೊಳ್ಳಿ. ಜೋಡಿಸಿದ ಪ್ಲಗ್‌ಗಳನ್ನು ಯಾರೂ ಸಾಕೆಟ್‌ಗೆ ಹಾಕದಂತೆ ಕೆಂಪು ಪಟ್ಟಿ ಅಂಟಿಸಿಡಿ, ಲ್ಯಾಬ್ ಸಹಾಯಕರಿಗೂ ಹೇಳಿಡಿ.

ನಾಲ್ಕು ನಿಲ್ದಾಣ, 10 ನಿಮಿಷದ ಸುತ್ತು. ಮೊದಲ ಸುತ್ತಿನಲ್ಲಿ ಐದೈದರ ಗುಂಪಾಗಿ ಮುಂದಕ್ಕೆ ತಳ್ಳುವುದು, ಎರಡನೆಯದರಲ್ಲಿ ಒಂದೊಂದೇ. ಪ್ರತಿ ನಿಲ್ದಾಣಕ್ಕೂ 20 ಸೆಕೆಂಡ್ ಎಂದಿಟ್ಟುಕೊಂಡರೆ ಗುಂಪಿನ ಸಾಲಿನಲ್ಲಿ ಮೊದಲ ಐದು ಪ್ಲಗ್ ಕೈಗೆ ಬರುವುದು 400ನೇ ಸೆಕೆಂಡಿಗೆ, ಒಂಟಿ ಸಾಲಿನಲ್ಲಿ ಮೊದಲನೆಯದು 80ನೇ ಸೆಕೆಂಡಿಗೆ. ನಿಲ್ದಾಣಗಳ ನಡುವೆ ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಒಂದು ಚೌಕ ಬರೆಯಿರಿ. ಚೌಕ ತುಂಬಿದ್ದರೆ ಹಿಂದಿನವರು ಕೈ ಕಟ್ಟಿ ಕೂರಬೇಕು. ಕೈ ಕಟ್ಟಿ ಕೂರುವುದು ನಮ್ಮ ಹುಡುಗರಿಗೆ ಅತಿ ಕಷ್ಟದ ಕೆಲಸ, ಮೇಷ್ಟರು ಬೆನ್ನು ತಿರುಗಿಸಿದರೆ ಚೌಕದಲ್ಲಿ ಮೂರು ಪ್ಲಗ್ ಕೂತಿರುತ್ತವೆ.

ಮೂರನೆಯ ಸುತ್ತು ಸಮತೋಲನದ್ದು. ನಿಲ್ದಾಣಗಳ ಸಮಯ 14, 26, 12, 20 ಸೆಕೆಂಡ್ ಬಂದಿದೆ ಎನ್ನಿ. ಒಟ್ಟು 72, ಸೈಕಲ್ ಸಮಯ (ಎಲ್ಲಕ್ಕಿಂತ ನಿಧಾನದ ನಿಲ್ದಾಣದ್ದು) 26, ಸಾಲಿನ ದಕ್ಷತೆ 69 ಶೇಕಡಾ, 10 ನಿಮಿಷಕ್ಕೆ ಹೆಚ್ಚೆಂದರೆ 23 ಪ್ಲಗ್. ಎರಡನೆಯ ನಿಲ್ದಾಣದಿಂದ 6 ಸೆಕೆಂಡಿನ ಒಂದು ಸ್ಕ್ರೂ ಕೆಲಸವನ್ನು ಮೂರನೆಯದಕ್ಕೆ ಸರಿಸಿದರೆ 14, 20, 18, 20 ಆಗುತ್ತದೆ; ಸೈಕಲ್ 20, ದಕ್ಷತೆ 90, ಉತ್ಪಾದನೆ 30ರವರೆಗೆ. ಕಾಗದದ ಮೇಲೆ ಇಷ್ಟು. ಮೇಜಿನ ಮೇಲೆ 30 ಬರುವುದಿಲ್ಲ, ಏಕೆಂದರೆ ಸ್ಕ್ರೂ ಸರಿಸಿದೊಡನೆ ಸ್ಕ್ರೂಡ್ರೈವರ್ ಎರಡು ಬೇಕಾಗುತ್ತದೆ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿದಿರುವುದಿಲ್ಲ. ಪೀಣ್ಯದ ಯಾವ ಚಿಕ್ಕ ಕಾರ್ಖಾನೆಯಲ್ಲಿ ಕೇಳಿದರೂ ಇದೇ ಮಾತು ಹೇಳುತ್ತಾರೆ: ಕೆಲಸ ಸರಿಸುವುದು ಸುಲಭ, ಟೂಲ್ ಸರಿಸುವುದು ಕಷ್ಟ.

ಈ ಕಿಟ್‌ನ ದೊಡ್ಡ ಮೋಸ ಬೇರೆಯೇ ಇದೆ, ಮಾರುವವರು ಅದನ್ನು ಹೇಳುವುದಿಲ್ಲ. ಎರಡನೆಯ ಸುತ್ತು ಮೊದಲಿಗಿಂತ ಚೆನ್ನಾಗಿ ಬಂದರೆ ಅದು ಒಂಟಿ ಹರಿವಿನಿಂದಲೇ ಎಂದು ಹೇಗೆ ಗೊತ್ತು? ಕೈ ಪಳಗಿರುತ್ತದೆ. ಬೇಕಾದ ಕ್ರಮದಲ್ಲಿ ಸುತ್ತುಗಳನ್ನು ಜೋಡಿಸಿಟ್ಟರೆ ಯಾವ ಸಿದ್ಧಾಂತ ಬೇಕಾದರೂ ಗೆಲ್ಲುತ್ತದೆ. ಇದನ್ನು ತಡೆಯಲು ಎರಡು ಕೆಲಸ. ಅಂಕಿ ಬರೆದುಕೊಳ್ಳುವ ಮೊದಲು ಪ್ರತಿಯೊಬ್ಬರೂ ತಮ್ಮ ನಿಲ್ದಾಣದಲ್ಲಿ ಕನಿಷ್ಠ ಹತ್ತು ಪ್ಲಗ್ ಕಟ್ಟಿರಬೇಕು. ಮತ್ತು ಬ್ಯಾಚ್‌ನ ಒಂದು ಸಾಲು ಗುಂಪಿನಿಂದ ಒಂಟಿಗೆ ಹೋದರೆ, ಇನ್ನೊಂದು ಸಾಲು ಒಂಟಿಯಿಂದ ಗುಂಪಿಗೆ ಹೋಗಬೇಕು. ಎರಡೂ ಸಾಲುಗಳ ಅಂಕಿ ಪಕ್ಕಪಕ್ಕ ಇಟ್ಟಾಗ ಕಾಣುವುದೇನೆಂದರೆ, ಸಾಲು ತುಂಬಿದ ಮೇಲೆ ಉತ್ಪಾದನೆಯ ವೇಗದಲ್ಲಿ ವ್ಯತ್ಯಾಸ ಸಾಮಾನ್ಯವಾಗಿ ಚಿಕ್ಕದು. ದೊಡ್ಡದಾಗಿ ಇಳಿಯುವುದು ಸಾಲಿನೊಳಗಿನ ಅರೆ ಮುಗಿದ ಮಾಲು ಮತ್ತು ಒಂದು ಪ್ಲಗ್ ಒಳಗೆ ಹೋಗಿ ಹೊರಬರುವ ಸಮಯ. ಸಾಲಿನಲ್ಲಿ 20 ಪ್ಲಗ್ ಇದ್ದು ನಿಮಿಷಕ್ಕೆ 2 ಹೊರಬರುತ್ತಿದ್ದರೆ ಒಂದರ ಪ್ರಯಾಣ 10 ನಿಮಿಷ. ಲಿಟಲ್ ನಿಯಮ ಇಷ್ಟೇ. ಒಂದು ಪ್ಲಗ್‌ಗೆ ಬಣ್ಣದ ಟೇಪ್ ಸುತ್ತಿ ಬಿಟ್ಟು, ಅದು ಎಷ್ಟು ಹೊತ್ತಿಗೆ ಹೊರಬಂತು ಎಂದು ನೋಡಿದರೆ ಲೆಕ್ಕ ತಾಳೆಯಾಗುತ್ತದೆ.

ಕವಣೆಯ ಕಿಟ್ ಮಕ್ಕಳಿಗೆ ಇಷ್ಟ, ಮೇಷ್ಟರಿಗೆ ತಲೆನೋವು. ಎಳೆಯುವ ಕೋನ, ತಡೆಯ ಸ್ಥಾನ, ಬಟ್ಟಲಿನ ಎತ್ತರ: ಮೂರು ಅಂಶ, ತಲಾ ಎರಡು ಮಟ್ಟ, 8 ಜೋಡಣೆ, ಎರಡೆರಡು ಸಲ ಎಂದರೆ 16 ಎಸೆತ. ಮೊದಲು ಒಂದೇ ಜೋಡಣೆಯಲ್ಲಿ ಹತ್ತು ಎಸೆತ ಹೊಡೆಸಿ ಚದುರಿಕೆ ನೋಡಿ. ಅದರ ಪ್ರಮಾಣಿತ ವಿಚಲನೆ 4 ಸೆ.ಮೀ. ಇದ್ದರೆ 16 ಎಸೆತಗಳ ಪ್ರಯೋಗದಲ್ಲಿ ಪ್ರತಿ ಪರಿಣಾಮದ ಪ್ರಮಾಣಿತ ದೋಷ 2 ಸೆ.ಮೀ. ಆಗುತ್ತದೆ, ಅದಕ್ಕಿಂತ ಬಹಳ ದೊಡ್ಡ ಅಂತರ ಬರುವಷ್ಟು ದೂರದೂರ ಮಟ್ಟಗಳನ್ನು ಆರಿಸಿ. ರಬ್ಬರ್ ಬ್ಯಾಂಡ್ ಹೊಡೆದಂತೆಲ್ಲ ಸಡಿಲಾಗುತ್ತದೆ, ಹಾಗಾಗಿ ಎಸೆತಗಳ ಕ್ರಮವನ್ನು ಚೀಟಿ ಎತ್ತಿ ನಿರ್ಧರಿಸಲೇಬೇಕು. ಕ್ರಮವಾಗಿ ಹೊಡೆದರೆ ಕೊನೆಗೆ ಬದಲಾಯಿಸಿದ ಅಂಶದ ತಲೆಗೆ ರಬ್ಬರ್‌ನ ದೋಷ ಕಟ್ಟಿಕೊಳ್ಳುತ್ತದೆ. ಬುಡವನ್ನು ಮೇಜಿಗೆ ಸಿ-ಕ್ಲಾಂಪ್ ಹಾಕಿ ಬಿಗಿಯಿರಿ. ಚೆಂಡು ಬಿದ್ದ ಜಾಗ ಕಣ್ಣಂದಾಜಿನಲ್ಲಿ ಬರೆಯುವುದು ಬೇಡ. ನೆಲದ ಮೇಲೆ ರಂಗೋಲಿ ಪುಡಿ ತೆಳ್ಳಗೆ ಎರಚಿದರೆ ಗುರುತು ಸ್ಪಷ್ಟ. ಪ್ಲೈವುಡ್ ಕವಣೆಯ ಕೀಲು ಬೇಗ ಅಲುಗಾಡಲು ಶುರುವಾಗುತ್ತದೆ. ಇದೊಂದನ್ನು ಮಾತ್ರ ಬೇರಿಂಗ್ ಇರುವ ಲೋಹದ ಮಾದರಿಯಲ್ಲಿ ಕೊಳ್ಳುವುದು ಲೇಸು.

ಬಿಯರ್ ಗೇಮ್, ಸರಬರಾಜು ಸರಪಳಿಯ ಆಟ, ಅಮೆರಿಕದ ಎಂಐಟಿಯಲ್ಲಿ ಪ್ರೊಫೆಸರ್ ಜೇ ಫಾರೆಸ್ಟರ್ ಬಳಗದಲ್ಲಿ ಹುಟ್ಟಿದ್ದು. ಚಿಲ್ಲರೆ ವ್ಯಾಪಾರಿ, ಸಗಟು ವ್ಯಾಪಾರಿ, ವಿತರಕ, ಕಾರ್ಖಾನೆ. ಪ್ರತಿಯೊಬ್ಬರ ಬಳಿ ಆರಂಭದಲ್ಲಿ 12 ಪೆಟ್ಟಿಗೆ, ದಾರಿಯ ಪ್ರತಿ ಚೌಕದಲ್ಲಿ 4. ಚಿಲ್ಲರೆ ವ್ಯಾಪಾರಿಗೆ ಮಾತ್ರ ಕಾಣುವ ಗಿರಾಕಿಯ ಬೇಡಿಕೆ ಮೊದಲ ನಾಲ್ಕು ವಾರ 4, ಐದನೆಯ ವಾರದಿಂದ 8, ಆಮೇಲೆ ಬದಲಾವಣೆಯೇ ಇಲ್ಲ. ದಾಸ್ತಾನಿಗೆ ಪೆಟ್ಟಿಗೆಗೆ ವಾರಕ್ಕೆ ಅರ್ಧ ಡಾಲರ್, ಬಾಕಿಗೆ ಒಂದು ಡಾಲರ್. ನಮ್ಮಲ್ಲಿ 50 ಪೈಸೆ, ಒಂದು ರೂಪಾಯಿ ಎಂದರೂ ಆಟ ಕೆಡುವುದಿಲ್ಲ. ಬಿಯರ್ ಬೇಡವೆಂದು ಹಾಲು ಎಂದು ಬದಲಾಯಿಸಿದರೆ ಮಾತ್ರ ಕೆಡುತ್ತದೆ, ಹಾಲನ್ನು ವಾರಗಟ್ಟಲೆ ಗೋದಾಮಿನಲ್ಲಿ ಇಡಲಾಗುವುದಿಲ್ಲ. ಸೋಪು ಎನ್ನಿ. 50 ವಾರ ಆಡಿಸುತ್ತೇವೆ ಎಂದು ಹೇಳಿ 36ಕ್ಕೆ ನಿಲ್ಲಿಸಿ. ಇಲ್ಲದಿದ್ದರೆ ಕೊನೆ ಹತ್ತಿರ ಬಂದಾಗ ಎಲ್ಲರೂ ಆರ್ಡರ್ ಕೊಡುವುದನ್ನೇ ಬಿಡುತ್ತಾರೆ. ಎರಡೇ ಗಂಟೆ ಇರುವ ಕಡೆ 25 ವಾರ ಸಾಕು.

ಕೆಡುವುದು ಬಾಕಿಯ ಲೆಕ್ಕದಲ್ಲಿ. ಹಿಂದಿನ ವಾರದ ಬಾಕಿಯನ್ನು ಈ ವಾರದ ಆರ್ಡರ್‌ಗೆ ಸೇರಿಸಲು ಮರೆಯುತ್ತಾರೆ. ಪ್ರತಿ ವಾರ ಒಂದು ತಾಳೆ ಹಾಕಿಸಿ: ಹಿಂದಿನ ನಿವ್ವಳಕ್ಕೆ ಬಂದ ಮಾಲು ಕೂಡಿಸಿ, ಆರ್ಡರ್ ಕಳೆಯಬೇಕು. ಹಿಂದೆ 3 ಬಾಕಿ, ಬಂದದ್ದು 6, ಆರ್ಡರ್ 8 ಎಂದರೆ ಈಗ 5 ಬಾಕಿ, ಕಳಿಸಿದ್ದು 6. ಆಟ ಮುಗಿದ ಮೇಲೆ, ಅಂಕಿ ತೋರಿಸುವ ಮೊದಲು, ಚಿಲ್ಲರೆ ವ್ಯಾಪಾರಿಯನ್ನು ಬಿಟ್ಟು ಉಳಿದವರಿಂದ ಗಿರಾಕಿಯ ಬೇಡಿಕೆ ಹೇಗಿತ್ತು ಎಂದು ಚಿತ್ರ ಬರೆಸಿ. ಕಾರ್ಖಾನೆಯವರು ಬೆಟ್ಟ ಕಣಿವೆ ಬರೆಯುತ್ತಾರೆ. ಇದನ್ನು ಕೊಳ್ಳುವ ಮಾತೇ ಬೇಡ. ಚಾರ್ಟ್ ಹಾಳೆ, ಚೀಟಿ, ಕಡಲೆಬೀಜದಷ್ಟು ದೊಡ್ಡ ಗುಂಡಿಗಳು ಸಾಕು. ಕಂಪ್ಯೂಟರ್ ಆವೃತ್ತಿಯಲ್ಲಿ ಲೆಕ್ಕ ತಪ್ಪುವುದಿಲ್ಲ ನಿಜ, ಆದರೆ ದಾರಿಯಲ್ಲಿ ಬರುತ್ತಿರುವ ಮಾಲು ಕಣ್ಣೆದುರು ಇದ್ದೂ ಜನ ಮರೆಯುತ್ತಾರೆ ಎಂಬುದು ಬೋರ್ಡಿನ ಮೇಲೆ ಕಾಣುವಷ್ಟು ಪರದೆಯ ಮೇಲೆ ಕಾಣುವುದಿಲ್ಲ.

ಉಳಿದ ದುಡ್ಡಿಗೆ ಚಲನೆಯ ಅಧ್ಯಯನದ ಕ್ಯಾಮೆರಾ ಸೆಟ್ ತೋರಿಸುತ್ತಾರೆ. ಬೇಡ. ಸೆಕೆಂಡಿಗೆ 30 ಚೌಕಟ್ಟಿನ ಮೊಬೈಲ್ ವಿಡಿಯೊದಲ್ಲಿ ಒಂದು ಚೌಕಟ್ಟು 0.033 ಸೆಕೆಂಡ್, ಎಂಟಿಎಂ ಪದ್ಧತಿಯ (ಕೈಯ ಪ್ರತಿ ಚಲನೆಗೂ ಮೊದಲೇ ಸಮಯ ನಿಗದಿ ಮಾಡಿರುವ ಪದ್ಧತಿ) ಸಮಯದ ಅಳತೆ ಒಂದು ಟಿಎಂಯು 0.036; ಹೆಚ್ಚುಕಮ್ಮಿ ಒಂದೇ. ಬೆಳಕು ಕಡಿಮೆಯಿದ್ದರೆ ಕೆಲವು ಮೊಬೈಲ್‌ಗಳು ಚೌಕಟ್ಟಿನ ಸಂಖ್ಯೆಯನ್ನು ತಾವಾಗಿಯೇ ಇಳಿಸುತ್ತವೆ, ಹಾಗಾಗಿ ಮೇಜಿನ ಮೇಲೆ ಒಂದು ಟ್ಯೂಬ್‌ಲೈಟ್ ಹೆಚ್ಚಿಗೆ ಹಾಕಿಸಿ, ಓಡುತ್ತಿರುವ ಸ್ಟಾಪ್‌ವಾಚ್ ಒಂದನ್ನು ವಿಡಿಯೊದ ಮೂಲೆಯಲ್ಲಿ ಕಾಣುವಂತೆ ಇಟ್ಟು ಚಿತ್ರೀಕರಿಸಿ. ಖರೀದಿ ಪಟ್ಟಿಗೆ ಸೇರಿಸಬೇಕಾದ್ದು ಇನ್ನೇನೆಂದರೆ, ಕವಣೆಗೆ ಒಂದೇ ಪೊಟ್ಟಣದ ಹೆಚ್ಚುವರಿ ರಬ್ಬರ್ ಬ್ಯಾಂಡ್‌ಗಳು, ಪ್ಲಗ್‌ಗೆ ಒಂದು ಡಬ್ಬಿ ಸ್ಕ್ರೂ, ನೂರು ಬಿಡಿ ಮಣಿ, ಮತ್ತು ಪ್ರತಿ ಸಾಲಿಗೂ ಇನ್ನೊಂದು ಸ್ಕ್ರೂಡ್ರೈವರ್.